ಏಳನೇ ಹಲಗೆ

ಎದುರಿಗಿದ್ದದ್ದು ಹದಿನಾಲ್ಕು ಹಾಳೆ. ಬಡಗಿ ಅವನ್ನು ಎರಡು ಸಲ ಓದಿದ. ಮೂರನೇ ಸಲ ಕಿವಿಯ ಹಿಂದೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ತೆಗೆದು, ಒಂದು ಪದ ಬಂದಲ್ಲೆಲ್ಲ ಅದರ ಕೆಳಗೆ ಗೆರೆ ಎಳೆಯುತ್ತ ಹೋದ. ಪದ ‘ಮೌನ’. ಮೂವತ್ತೊಂದು ಗೆರೆಗಳಾದವು. ಅಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೇರಿ ಪೆನ್ಸಿಲಿನ ಮೊನೆ ಮುರಿದಿತ್ತು.

ಅವನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಬಾಯಿ ಬರುವುದಿಲ್ಲ. ಓದು ಬರಹ ಚೆನ್ನಾಗಿ ಬರುತ್ತದೆ. ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಬಿಡದೆ ಓದುವ ಮನುಷ್ಯ. ಇಪ್ಪತ್ತು ವರ್ಷ ಬಾಗಿಲು, ಕಿಟಕಿ, ಮೇಜು ಮಾಡಿಕೊಂಡಿದ್ದವನು ಈಗ ಆರೇಳು ವರ್ಷದಿಂದ ನೆಲ ಮಾಡುತ್ತಿದ್ದ. ಮನೆಗೆ ಹಾಕುವ ನೆಲ ಅಂದುಕೊಳ್ಳಬೇಡಿ. ಗ್ಯಾಲರಿಯ ಉದ್ದ ಕೋಣೆಯೊಳಗೆ ಹಲಗೆ ಜೋಡಿಸಿ, ಮೊಳೆ ಹೊಡೆಯದೆ, ಅಡಿಗೆ ಬೆಣೆ ಕೊಟ್ಟು ನಿಲ್ಲಿಸಿದ ನೆಲ. ಒಂದು ತುದಿಯಲ್ಲಿ ಬರಿಗಾಲಲ್ಲಿ ಕೂತವರ ಅಂಗಾಲಿಗೆ ಇನ್ನೊಂದು ತುದಿಯಲ್ಲಿ ನಡೆಯುವವರ ಹೆಜ್ಜೆ ಬಂದು ತಟ್ಟಬೇಕು. ಈಚಿನದಕ್ಕೆ ಅವನು ಇಟ್ಟ ಹೆಸರು ‘ಯಾರು ಬಂದ್ರು?’. ಜನ ಅವನನ್ನು ಕಲಾವಿದ ಅನ್ನಲು ಶುರು ಮಾಡಿದ್ದು ಇಂಥ ನೆಲಗಳನ್ನು ನೋಡಿದ ಮೇಲೆ. ಅವನು ಮಾತ್ರ ಎಲ್ಲಿ ಕೇಳಿದರೂ ಈಗಲೂ ಬಡಗಿ ಅಂತಲೇ ಬರೆದುಕೊಡುತ್ತಿದ್ದ.

ಈ ಹಾಳೆಗಳು ಒಂದು ಪುಸ್ತಕದ ಪ್ರೂಫ್. ಈಗಿನ ಕಾಲದ ಹನ್ನೆರಡು ಜನ ಕಲಾವಿದರನ್ನು ಅವರವರ ಕೆಲಸದ ಜಾಗದಲ್ಲೇ ಕಂಡು ಮಾತಾಡಿಸಿ ಒಬ್ಬ ಹೆಂಗಸು ಪುಸ್ತಕ ಮಾಡುತ್ತಿದ್ದಳು. ಬಡಗಿ ಮತ್ತು ಅವನ ತಂಗಿ ಅವಳಿಗೆ ಪುಸ್ತಕದಮ್ಮ ಅಂತ ಹೆಸರಿಟ್ಟಿದ್ದರು. ಪುಸ್ತಕದಮ್ಮ ಮೂರು ಮಧ್ಯಾಹ್ನ ಬಡಗಿಯ ಕಾರ್ಯಾಗಾರಕ್ಕೆ ಬಂದು, ಮರದ ಪುಡಿ ಸೀರೆಗೆ ಹತ್ತೀತು ಅಂತ ಸ್ಟೂಲಿನ ಮೇಲೆ ಕರವಸ್ತ್ರ ಹಾಸಿಕೊಂಡು ಕೂತಿದ್ದಳು. ಅವಳು ಬಾಯಲ್ಲಿ ಕೇಳುವುದು, ತಂಗಿ ಅದನ್ನು ಕೈಮಾತಿನಲ್ಲಿ ಅಣ್ಣನಿಗೆ ಮುಟ್ಟಿಸುವುದು, ಅಣ್ಣ ಕೈಯಲ್ಲಿ ಹೇಳಿದ್ದನ್ನು ತಂಗಿ ಬಾಯಲ್ಲಿ ಹೇಳುವುದು, ಹೀಗೆ ಮಾತುಕತೆ ನಡೆದಿತ್ತು. ಮೇಜಿನ ಮೇಲೆ ಒಂದು ಪುಟ್ಟ ರೆಕಾರ್ಡರ್ ಇತ್ತು.

ಪ್ರೂಫ್ ಹೋಗಬೇಕಾಗಿದ್ದದ್ದು ತಂಗಿಯ ಮನೆಗೆ. ಅಣ್ಣನಿಗೆ ಬರುವ ಪತ್ರ, ಒಪ್ಪಂದ, ಆಹ್ವಾನ ಎಲ್ಲ ಅವಳ ವಿಳಾಸಕ್ಕೇ ಬರುತ್ತಿದ್ದವು. ಆ ಶುಕ್ರವಾರ ಅವಳು ಹಲ್ಲು ಕೀಳಿಸಲು ಹೋಗಿದ್ದಳು. ಬೀಗ ಕಂಡ ಕೊರಿಯರಿನವನು ಪಕ್ಕದ ಮನೆಯವರು ತೋರಿಸಿದ ದಾರಿ ಹಿಡಿದು ಕಾರ್ಯಾಗಾರಕ್ಕೇ ಬಂದ. ಹೊಸ್ತಿಲ ಒಳಗೆ ಬಡಗಿ ಒಂದು ಸಡಿಲ ಹಲಗೆ ಹಾಕಿಕೊಂಡಿದ್ದ. ಯಾರು ಕಾಲಿಟ್ಟರೂ ಅವನ ಪಾದಕ್ಕೆ ಸುದ್ದಿ ಮುಟ್ಟುತ್ತಿತ್ತು. ಹಾಗೆ ಮುಟ್ಟಿತು, ತಿರುಗಿದ, ಲಕೋಟೆ ಇಸಕೊಂಡ.

ಮೊದಲ ಪುಟದಲ್ಲೇ ದಪ್ಪ ಅಕ್ಷರದ ತಲೆಬರಹ: ‘ಮೌನವೇ ನನ್ನ ತಾಯಿನುಡಿ’. ಅದರ ಕೆಳಗೆ ಮೊದಲ ಪ್ರಶ್ನೆ, ನಿಮ್ಮ ಕಲೆಯ ಮೂಲ ಯಾವುದು? ಉತ್ತರ ಹೀಗಿತ್ತು: ‘ಮೌನ. ಮರದೊಡಲಿನ ಮೌನಕ್ಕೆ ನಾನು ಕಿವಿಗೊಡುತ್ತೇನೆ. ಅದು ಪಿಸುಗುಟ್ಟಿದ್ದನ್ನು ನನ್ನ ಉಳಿ ಬರೆದುಕೊಳ್ಳುತ್ತದೆ.’

ಕಿವಿಗೊಡುತ್ತಾನಂತೆ! ಯಾವ ಕಿವಿ?

ಆ ದಿನ ಅವನು ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ‘ಮೌನ ಅಂದ್ರೆ ಏನಂತ ನನಗೆ ಗೊತ್ತಿಲ್ಲ. ಅದು ಕಿವಿ ಇರೋರ ವಸ್ತು. ನನ್ನ ಲೋಕ ಬೆಳಗಿಂದ ರಾತ್ರಿವರೆಗೂ ಅಲ್ಲಾಡ್ತಾನೇ ಇರುತ್ತೆ. ಲಾರಿ ಹೋದ್ರೆ ಗೋಡೆ ಹೇಳುತ್ತೆ, ಬಾಗಿಲು ಬಡಿದ್ರೆ ನೆಲ ಹೇಳುತ್ತೆ. ನನ್ನಷ್ಟು ಗದ್ದಲದಲ್ಲಿ ಇರೋನು ಈ ಬೀದೀಲಿ ಇನ್ನೊಬ್ಬ ಇಲ್ಲ.’ ಇಷ್ಟನ್ನೂ ಅವನು ಕೈಯಲ್ಲಿ ನಿಧಾನವಾಗಿ, ಒಂದೊಂದಾಗಿ ಹೇಳಿದ್ದ. ತಂಗಿ ತಲೆ ಆಡಿಸಿದ್ದಳು. ಪುಸ್ತಕದಮ್ಮ ಎದೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ್ದಳು. ಅರ್ಥವಾಯಿತಲ್ಲ ಅಂತ ಅವನಿಗೆ ಹಿಗ್ಗಾಗಿತ್ತು.

ಆರನೇ ಪುಟದಲ್ಲಿ ಅವನಿಗೆ ಇನ್ನೊಂದು ವಿಷಯ ಬಯಲಾಯಿತು. ಹೋದ ತಿಂಗಳು ಗ್ಯಾಲರಿಯಲ್ಲಿ ನೆಲ ತೆರೆದ ದಿನದಿಂದ ಅದು ಕೆಲಸ ಮಾಡುತ್ತಿರಲಿಲ್ಲ. ಜನ ಬರುತ್ತಿದ್ದರು, ಚಪ್ಪಲಿ ಬಿಡುತ್ತಿದ್ದರು, ತುದಿಗಾಲಲ್ಲಿ ಬೆಕ್ಕಿನ ಹೆಜ್ಜೆ ಇಟ್ಟು ಆಚೆ ದಾಟುತ್ತಿದ್ದರು. ಇತ್ತ ಕೂತವನ ಅಂಗಾಲಿಗೆ ಏನೂ ಬರುತ್ತಿರಲಿಲ್ಲ. ತಪ್ಪು ತನ್ನದೇ ಅಂದುಕೊಂಡು ಬಡಗಿ ನಾಲ್ಕು ಸಲ ಹೋಗಿ ಬೆಣೆ ಸಡಿಲಿಸಿದ್ದ, ಎರಡು ಹಲಗೆಗಳನ್ನು ಮನೆಗೆ ತಂದು ಮತ್ತೆ ಕೆತ್ತಿದ್ದ, ಮರ ಕೊಟ್ಟ ಸಾಮಿಲ್ಲಿನವನಿಗೆ ಬಿರುಸಾಗಿ ಒಂದು ಚೀಟಿಯನ್ನೂ ಬರೆದಿದ್ದ. ಈಗ ಆರನೇ ಪುಟದಲ್ಲಿ ಅವನೇ ಹೇಳುತ್ತಿದ್ದಾನೆ: ‘ನನ್ನ ನೆಲದ ಮೇಲೆ ಯಾರೂ ಸದ್ದು ಮಾಡಬಾರದು. ಹೂವಿನ ಮೇಲೆ ನಡೆದ ಹಾಗೆ ನಡೆಯಬೇಕು. ಅದೊಂದೇ ನನ್ನ ಪ್ರಾರ್ಥನೆ.’ ಬಾಗಿಲಲ್ಲಿ ನಿಂತ ಕಾವಲಿನವಳು ಬಂದವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ಗ್ಯಾಲರಿಯವರಿಗೂ ತಂಗಿ ಇದನ್ನೇ ಹೇಳಿರಬೇಕು. ಅವನು ಕೇಳಿಕೊಂಡಿದ್ದು ತುಳಿಯಿರಿ ಅಂತ. ಮಕ್ಕಳಿದ್ದರೆ ಕುಣಿಯಲಿ ಅಂತಲೂ ಸೇರಿಸಿದ್ದ.

ಆದರೆ ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಕೊನೆಯ ಪುಟದಲ್ಲಿ. ಆ ನೆಲದ ಏಳನೇ ಹಲಗೆಯ ಬಗ್ಗೆ ಅವನು ಕೊನೆಯ ದಿನ ಬಿಡಿಸಿ ಬಿಡಿಸಿ ಹೇಳಿದ್ದ. ಅದು ಇಲ್ಲವೇ ಇಲ್ಲ. ಅಪ್ಪ ಇಲ್ಲ, ಮೆಟ್ಟಿಲು ಇಲ್ಲ, ಮೇಜು ಇಲ್ಲ. ಅದರ ಜಾಗದಲ್ಲಿ ಒಂದು ಪ್ರಶ್ನೆ, ನಿಮ್ಮ ತಂಗಿ ನಿಮಗೆ ಏನು? ಉತ್ತರ ಒಂದೇ ಸಾಲು: ‘ಅವಳು ನನ್ನ ದನಿ.’

ಬಡಗಿ ಹಾಳೆಗಳನ್ನು ಜೋಡಿಸಿ, ಮೇಲೆ ಸುತ್ತಿಗೆ ಇಟ್ಟು, ತಂಗಿಗಾಗಿ ಕಾದ.

ಅವಳು ಶಾಲೆಯೊಂದರಲ್ಲಿ ಗುಮಾಸ್ತೆ. ಪಕ್ಕದ ಬೀದಿಯಲ್ಲಿ ಮನೆ. ದಿನಾ ಸಂಜೆ ಬಂದು ಅಣ್ಣನ ಫೋನು, ಪತ್ರ ಎಲ್ಲ ನೋಡಿ ಹೋಗುತ್ತಿದ್ದಳು. ಅಂದು ಬಂದಾಗ ಎಡಗೆನ್ನೆ ಊದಿತ್ತು, ಬಾಯಲ್ಲಿ ಹತ್ತಿ ಇತ್ತು. ಮಾತಾಡುವ ಹಾಗಿರಲಿಲ್ಲ. ಹಾಗಾಗಿ ಆ ಸಂಜೆಯ ಜಗಳದಲ್ಲಿ ಇಬ್ಬರಿಗೂ ಇದ್ದದ್ದು ಕೈ ಮಾತ್ರ. ಹೊರಗಿನಿಂದ ಯಾರಾದರೂ ಇಣುಕಿದ್ದರೆ ನೊಣ ಹೊಡೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

“ಇದೇನಿದು?” ಬಡಗಿ ಸುತ್ತಿಗೆ ಎತ್ತಿ ಹಾಳೆ ತೋರಿಸಿದ.

ತಂಗಿಯ ಮುಖ ನೋಡಿದರೆ ಸಾಕಿತ್ತು. ಅವಳು ನಿಧಾನವಾಗಿ ಕೂತಳು. “ನಿನಗೆ ಯಾರು ಕೊಟ್ರು?”

“ಯಾರಾದ್ರೂ ಕೊಡ್ಲಿ. ನನ್ನ ಮಾತೆಲ್ಲಿ?”

“ಅಣ್ಣಾ, ನೀನು ಹೇಳೋದನ್ನ ಇದ್ದ ಹಾಗೇ ಹೇಳೋಕಾಗಲ್ಲ. ಸ್ವಲ್ಪ ಒಪ್ಪ ಮಾಡಿದೆ ಅಷ್ಟೇ.”

“ಒಪ್ಪ ಮಾಡಿದ್ಯಾ? ಹಲಗೆ ಕಿತ್ತು ಬಿಸಾಕಿ ಬರೀ ಪಾಲಿಶ್ ಇಟ್ಟಿದೀಯ!”

“ಮತ್ತೇನು ಮಾಡ್ಲಿ? ನಿಮಗೆ ಕಿವಿ ಕೇಳದೆ ಇರೋದು ಕಲೆಗೆ ಏನು ಕೊಡ್ತು ಅಂತ ಅವರು ಕೇಳಿದಾಗ ನೀನು ಏನು ಹೇಳ್ದೆ, ನೆನಪಿದೆಯಾ? ‘ಇವಳಿಗೆ ತಲೆ ಸರಿ ಇದೆಯಾ, ಮೊದಲು ಅದು ಕೇಳು’ ಅಂದೆ. ಅದನ್ನ ಹೇಳ್ಬೇಕಿತ್ತಾ? ಹೇಳಿದ್ರೆ ಅವರು ಎದ್ದು ಹೋಗ್ತಿರಲಿಲ್ವಾ?”

“ಹೋಗ್ಲಿ! ಎದ್ದು ಹೋದ್ರೆ ನಾನು ಮಾತಾಡ್ದೆ ಅಂತಾದ್ರೂ ಆಗ್ತಿತ್ತು.”

ತಂಗಿಗೂ ರೇಗಿತು. ಊದಿದ ಕೆನ್ನೆ ಇನ್ನಷ್ಟು ಕೆಂಪಾಯಿತು. ಅವಳ ಕೈಗಳು ಚಕಚಕನೆ ಆಡಿದವು. ಸ್ಕೂಲಲ್ಲಿ ಹೆಡ್ ಮಾಸ್ಟರ್ ಮುಂದೆ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಮೊದಲ ಗ್ಯಾಲರಿಯವನ ಮುಂದೆ, ಎಲ್ಲ ಕಡೆ ಅವನು ಮುಖ ಗಂಟಿಕ್ಕಿಕೊಂಡು ಎಗರಾಡಿದ್ದ. ಎಲ್ಲ ಕಡೆ ಅವಳು ನಗುನಗುತ್ತ ಅದನ್ನು ತುಪ್ಪ ಸವರಿ ಹೇಳಿದ್ದಳು. ಅದಕ್ಕೇ ಕೆಲಸ ಸಿಕ್ಕಿತು, ಅದಕ್ಕೇ ಗ್ಯಾಲರಿ ಸಿಕ್ಕಿತು. ಒಂದು ದಿನವಾದರೂ ಅವನು ಕೇಳಿದ್ದಾನಾ, ನಿನಗೆ ಬಾಯಿ ನೋಯಲ್ವೇನೇ ಅಂತ?

ಬಡಗಿ ಇದನ್ನು ಪೂರ್ತಿ ನೋಡಿದ. ಮಧ್ಯೆ ಕೈ ಹಾಕಲಿಲ್ಲ. ಅವಳು ಮುಗಿಸಿದ ಮೇಲೆ ಕೊನೆಯ ಪುಟ ಎತ್ತಿ ಅವಳ ತೊಡೆಯ ಮೇಲಿಟ್ಟ.

“ಅಪ್ಪ ಎಲ್ಲಿ?”

ತಂಗಿ ಮುಖ ತಿರುಗಿಸಿದಳು. ಅವನು ನೆಲಕ್ಕೆ ಕಾಲು ಕುಟ್ಟಿದ. ಚಿಕ್ಕಂದಿನಿಂದ ಅವನು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಅವಳು ತಿರುಗಲೇಬೇಕಾಯಿತು.

“ಮನೆ ಮಾನ ಅಣ್ಣಾ,” ಅಂದಳು. “ಬೇರೆಯವರ ಮುಂದೆ ಹೆಂಗೆ ಹೇಳ್ಲಿ? ನನ್ನ ಬಾಯಿಂದ ಹೊರಡಲಿಲ್ಲ. ಏನೋ ಒಂದು ಹೇಳ್ಬೇಕಿತ್ತು, ಅದನ್ನ ಹೇಳ್ದೆ.”

“ಅದು ನಿನ್ನ ಮಾತು. ನಿನ್ನ ಹೆಸರಲ್ಲಿ ಹೇಳು, ಯಾರು ಬೇಡ ಅಂದ್ರು? ನನ್ನ ಹೆಸರಲ್ಲಿ ಯಾಕೆ? ನಾನು ಸತ್ತ ಮೇಲೂ ಆ ಪುಸ್ತಕ ಇರುತ್ತೆ. ನಾನು ಹೂವಿನ ಮೇಲೆ ನಡೀರಿ ಅಂದೋನು ಅಂತ ಇರುತ್ತೆ!”

ಆಮೇಲೆ ಅವನು ತಣ್ಣಗೆ ಇನ್ನೊಂದು ಮಾತು ಕೇಳಿದ. ಕೈಗಳು ಬಹಳ ಮೆಲ್ಲಗೆ ಆಡಿದವು.

“ಇದೊಂದೇನಾ? ಇಲ್ಲ ಮೂವತ್ತು ವರ್ಷವೂ ಹೀಗೇನಾ?”

ತಂಗಿ ತೊಡೆಯ ಮೇಲಿದ್ದ ಪುಟವನ್ನು ಬೋರಲು ಹಾಕಿದಳು. ಅವನಿಗೆ ಉತ್ತರ ಸಿಕ್ಕಿತು.

ಮರುದಿನ ಬೆಳಿಗ್ಗೆ ಬಡಗಿ ಒಬ್ಬನೇ ಹೊರಟ. ಜೇಬಿನಲ್ಲಿ ಒಂದು ನೋಟ್‌ಬುಕ್, ಎರಡು ಪೆನ್ಸಿಲ್. ಪುಸ್ತಕದಮ್ಮನ ಆಫೀಸು ಮೂರನೇ ಮಹಡಿಯಲ್ಲಿತ್ತು. ಕೋಣೆಯ ತುಂಬ ಪುಸ್ತಕ, ಗೋಡೆಯ ಮೇಲೆ ಬರಲಿರುವ ಪುಸ್ತಕದ ಮುಖಪುಟ. ಮುಖಪುಟದಲ್ಲಿ ಅವನದೇ ನೆಲ, ಮೇಲಿನಿಂದ ತೆಗೆದ ಫೋಟೋ.

ಅವನನ್ನು ಕಂಡವಳೇ ಪುಸ್ತಕದಮ್ಮ ಅವನ ಹಿಂದೆ ನೋಡಿದಳು. ಯಾರೂ ಇರಲಿಲ್ಲ. ಬಾಯಿ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಅಗಿದು ಏನೋ ಅಂದಳು. ಫೋನನ್ನು ಕಿವಿಗಿಟ್ಟು ತೋರಿಸಿದಳು. ತಂಗಿಯನ್ನು ಕರೆಸಿ ಅಂತ. ಬಡಗಿ ಗೆರೆ ಎಳೆದ ಪ್ರೂಫನ್ನು ಅವಳ ಮೇಜಿನ ಮೇಲಿಟ್ಟು ನೋಟ್‌ಬುಕ್ಕಿನಲ್ಲಿ ಬರೆದ: ‘ಇವು ನನ್ನ ಮಾತಲ್ಲ.’

ಅವಳು ಬರೆದಳು: ‘ರೆಕಾರ್ಡಿಂಗ್ ಇದೆ. ಒಂದಕ್ಷರವೂ ನಾವು ಬದಲಾಯಿಸಿಲ್ಲ.’

ನಿಜ. ಆ ಪುಟ್ಟ ಯಂತ್ರದಲ್ಲಿ ಮೂರು ಮಧ್ಯಾಹ್ನವೂ ಇದ್ದವು, ಪ್ರಶ್ನೆ ಕೇಳಿದವಳು ಇದ್ದಳು, ತಂಗಿ ಇದ್ದಳು. ಅವನು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಕಿವುಡನ ಮಾತನ್ನು ಹಿಡಿಯಲು ಕಿವಿಯ ಯಂತ್ರ ಇಟ್ಟ ಈ ಜಾಣೆಗೆ ಏನು ಹೇಳುವುದು? ಬಡಗಿ ಇದನ್ನೇ ಬರೆದು ಕೊಟ್ಟ. ಓದಿ ಅವಳ ಮುಖ ಸಣ್ಣಗಾಯಿತು. ಆಮೇಲೆ ಬರೆದಳು: ‘ಸೋಮವಾರ ಅಚ್ಚಿಗೆ ಹೋಗಬೇಕು. ಇಡೀ ಪುಸ್ತಕದಲ್ಲಿ ನಿಮ್ಮ ಮಾತುಕತೆಯೇ ಚೆನ್ನಾಗಿರುವುದು. ಓದಿದವರೆಲ್ಲ ಅತ್ತಿದ್ದಾರೆ. ಹೀಗೇ ಬಿಡೋಣ.’

ಹೀಗೇ ಬಿಡಬೇಕಂತೆ. ಅತ್ತಿದ್ದಾರಂತೆ! ಯಾರಿಗಾಗಿ ಅತ್ತರು? ಮರದೊಡಲಿಗೆ ಕಿವಿಗೊಡುವ ಯಾವನೋ ಒಬ್ಬ ಪುಣ್ಯಾತ್ಮನಿಗಾಗಿ ಅತ್ತರು. ಅಂಥವನೊಬ್ಬ ಇದ್ದಿದ್ದರೆ ಬಡಗಿ ಅವನ ಕೈಗೆ ಒಂದು ಉಳಿಯನ್ನೂ ಕೊಡುತ್ತಿರಲಿಲ್ಲ. ಅವನು ಎದ್ದು ಗೋಡೆಯ ಬಳಿ ಹೋಗಿ, ಮುಖಪುಟದ ಮೇಲೆ ಅಂಗೈ ಇಟ್ಟು ಮುಚ್ಚಿದ. ಇನ್ನೊಂದು ಕೈಯಲ್ಲಿ ನೋಟ್‌ಬುಕ್ ಗೋಡೆಗೆ ಒತ್ತಿಕೊಂಡು ಬರೆದ: ‘ನೆಲ ನನ್ನದು. ಮಾತು ಬೇರೆಯವರದ್ದಾದರೆ ನೆಲ ತೆಗೀರಿ.’

ಅದು ನಾಟಿತು. ಮುಖಪುಟ ಬದಲಾಯಿಸುವುದು ಹುಡುಗಾಟವಲ್ಲ.

ಆ ಹೊತ್ತಿಗೆ ನೆಲ ಅವನ ಪಾದಕ್ಕೆ ಒಂದು ಸುದ್ದಿ ತಂದಿತು. ಸರಕ್ಕನೆ ಎರಡು ಹೆಜ್ಜೆ, ಒಂದು ತಡೆ, ಮತ್ತೆ ಎರಡು. ತಿರುಗದೆಯೇ ಅವನಿಗೆ ಗೊತ್ತಾಯಿತು. ಬಾಗಿಲಲ್ಲಿ ತಂಗಿ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಕೆನ್ನೆಯ ಊತ ಇಳಿದಿತ್ತು, ಕಣ್ಣಿನದು ಇಳಿದಿರಲಿಲ್ಲ.

“ನಾನೇ ಹೇಳ್ತೀನಿ,” ಅಂದಳು ಕೈಯಲ್ಲಿ. “ಇದ್ದ ಹಾಗೇ ಹೇಳ್ತೀನಿ.”

“ನೀನು ಏನು ಹೇಳ್ದೆ ಅಂತ ನನಗೆ ಹೆಂಗೆ ಗೊತ್ತಾಗುತ್ತೆ?”

ನಲವತ್ತೈದು ದಾಟಿದ್ದ ಅಣ್ಣ ಮೊದಲ ಸಲ ಅದನ್ನು ಕೇಳುತ್ತಿದ್ದ. ದಾರಿ ಹುಡುಕಿದ್ದೂ ಅವನೇ. ಪುಸ್ತಕದಮ್ಮ ಕಂಪ್ಯೂಟರಿನ ಮುಂದೆ ಕೂರಬೇಕು. ಅವನು ಕೈಯಲ್ಲಿ ಹೇಳಿದ್ದನ್ನು ತಂಗಿ ಬಾಯಲ್ಲಿ ಹೇಳಬೇಕು, ಅವಳು ಹೇಳಿದ್ದನ್ನು ಪುಸ್ತಕದಮ್ಮ ಆಗಿಂದಾಗಲೇ ಟೈಪ್ ಮಾಡಬೇಕು, ಪರದೆಯ ಮೇಲೆ ಬಂದದ್ದನ್ನು ಅವನು ಓದಬೇಕು. ಒಂದು ಪದ ಹೆಚ್ಚಾದರೂ ಅಳಿಸಬೇಕು.

ಶುರುವಾಯಿತು. ‘ಮೌನ ಅಂದ್ರೆ ಏನಂತ ನನಗೆ ಗೊತ್ತಿಲ್ಲ’ ಅಂತ ಮೊದಲ ಸಾಲು ಪರದೆಯ ಮೇಲೆ ಬಂತು. ಬಡಗಿ ಕತ್ತು ಮುಂದೆ ಚಾಚಿ ಅಕ್ಷರ ಅಕ್ಷರ ನೋಡಿದ. ತನ್ನ ಮಾತು ತನ್ನ ಕೈಯಿಂದ ಹೊರಟು, ಇಬ್ಬರು ಹೆಂಗಸರನ್ನು ದಾಟಿ, ಕೈಕಾಲು ಮುರಿಯದೆ ವಾಪಸು ಬಂದು ಎದುರು ನಿಂತಿದ್ದನ್ನು ಅವನು ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ನಾಲ್ಕನೇ ಉತ್ತರದಲ್ಲಿ ತಂಗಿಗೆ ಹಳೇ ಚಾಳಿ ಕೆರಳಿತು. ಅವನು ‘ತುಳೀಲಿ’ ಅಂದಿದ್ದಕ್ಕೆ ಪರದೆಯ ಮೇಲೆ ‘ಮನಸಾರೆ ತುಳಿಯಲಿ’ ಅಂತ ಬಂತು. ಅವನು ಕಾಲು ಕುಟ್ಟಿದ. ‘ಮನಸಾರೆ’ ಅಳಿಯಿತು. ‘ಇವಳಿಗೆ ತಲೆ ಸರಿ ಇದೆಯಾ’ ಬಂದಾಗ ತಂಗಿ ಕಣ್ಣು ಮುಚ್ಚಿಕೊಂಡು ಹೇಳಿದಳು. ಪುಸ್ತಕದಮ್ಮನ ಬೆರಳು ಕೀಲಿಗಳನ್ನು ಕುಟ್ಟಿ ಕುಟ್ಟಿ ಅದನ್ನೂ ಟೈಪ್ ಮಾಡಿತು.

ಮಧ್ಯಾಹ್ನದ ಹೊತ್ತಿಗೆ ಕೊನೆಯ ಪ್ರಶ್ನೆಗೆ ಬಂದರು. ನಿಮ್ಮ ತಂಗಿ ನಿಮಗೆ ಏನು?

ಬಡಗಿ ಹೇಳಿದ. ತಂಗಿ ನೋಡಿದಳು, ಬಾಯಿ ತೆರೆಯಲಿಲ್ಲ. ಪರದೆ ಖಾಲಿ ಇತ್ತು. ಅವನು ಕಾಲು ಕುಟ್ಟಲಿಲ್ಲ, ಕಾದ. ಕೊನೆಗೂ ಅವಳ ತುಟಿ ಅಲ್ಲಾಡಿತು. ಅಕ್ಷರಗಳು ತಡೆದು ತಡೆದು ಬಂದವು:

‘ನಮ್ಮ ಮನೆ ಇದ್ದದ್ದು ತಗಡಿನ ಅಂಗಡಿ ಮೇಲೆ. ಕೆಳಗೆ ಇಡೀ ದಿನ ತಗಡು ಬಡೀತಿದ್ರು. ಆ ಗದ್ದಲದಲ್ಲಿ ಕಿವಿ ಇರೋರಿಗೆ ಏನೂ ಕೇಳ್ತಿರಲಿಲ್ಲ. ಮೆಟ್ಟಿಲ ಏಳನೇ ಹಲಗೆ ಸಡಿಲ ಇತ್ತು. ಅಪ್ಪ ಕುಡಿದು ಬಂದ್ರೆ ಹಿಮ್ಮಡಿ ಊರ್ತಿದ್ದ, ಅದು ನನ್ನ ಪಾದಕ್ಕೆ ಗೊತ್ತಾಗ್ತಿತ್ತು. ನಾನು ಇವಳ ಕೈ ಹಿಡ್ಕೊಂಡು ಮೇಜಿನ ಕೆಳಗೆ ಓಡ್ತಿದ್ದೆ. ಅಪ್ಪ ಒಳಗೆ ಬರೋ ಹೊತ್ತಿಗೆ ಅವನ ಕೈಗೆ ನಾವು ಸಿಕ್ತಿರಲಿಲ್ಲ. ಆ ಮನೆಗೆ ಕಿವಿ ಅಂತ ಇದ್ದದ್ದು ನಾನೇ. ಆ ಹಲಗೇನೇ ನಾನು ಗ್ಯಾಲರೀಲಿ ಇಟ್ಟಿದೀನಿ. ಯಾರಾದ್ರೂ ಅದರ ಮೇಲೆ ಜೋರಾಗಿ ಕಾಲಿಟ್ರೆ ಆಚೆ ಕೂತೋರಿಗೆ ಎದೆ ಝಲ್ ಅನ್ಬೇಕು. ತಂಗಿ ಒಳ್ಳೆಯವಳು. ಆದ್ರೆ ನಾನು ಮುಗಿಸೋವರೆಗೆ ಕಾಯಲ್ಲ.’

ಬಡಗಿ ಓದಿ ಮುಗಿಸಿ ಕೈಗಳನ್ನು ಮಡಿಲಿಗೆ ಇಳಿಸಿದ. ಅವನ ಮಾತು ಅಲ್ಲಿಗೆ ಮುಗಿದಿತ್ತು. ನೋಡಿದರೆ, ತಂಗಿಯ ಬಾಯಿ ಇನ್ನೂ ಆಡುತ್ತಿದೆ! ಪುಸ್ತಕದಮ್ಮನ ಬೆರಳೂ ಓಡುತ್ತಿದೆ. ಮತ್ತೆ ಶುರು ಹಚ್ಚಿಕೊಂಡಳು ಅಂತ ಅವನಿಗೆ ರಕ್ತ ಕುದಿಯಿತು. ಕುಟ್ಟಲು ಕಾಲೆತ್ತಿದ. ಎತ್ತಿದ ಕಾಲಲ್ಲೇ ಪರದೆ ನೋಡಿದ. ಸಾಲಿನ ಮೊದಲಿಗೆ ಅವನ ಹೆಸರಿರಲಿಲ್ಲ.

‘ತಂಗಿ: ಇದು ನನ್ನ ಮಾತು. ಅವನ ಸಿಟ್ಟನ್ನೆಲ್ಲ ಮೆತ್ತಗೆ ಮಾಡಿದ್ದು ನಾನು. ಸಿಟ್ಟಿರೋ ಕಿವುಡನನ್ನ ಯಾರೂ ಒಳಗೆ ಕರೆಯಲ್ಲ. ಮೌನವಾಗಿರೋ ಕಿವುಡನಿಗಾದ್ರೆ ಕುರ್ಚಿ ಹಾಕ್ತೀರ. ನಿಮಗೆ ಬೇಕಾಗಿದ್ದನ್ನೇ ನಾನು ಕೊಟ್ಟೆ. ಮೇಜಿನ ಕೆಳಗೆ ನನ್ನ ಬಾಯಿ ಮುಚ್ಚಿ ಹಿಡ್ಕೊಂಡು ಉಳಿಸಿದೋನ ಬಾಯನ್ನ ನಾನು ಮೂವತ್ತು ವರ್ಷ ಮುಚ್ಚಿದೆ.’

ಬಡಗಿ ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಆ ಸಾಲುಗಳನ್ನು ಎರಡು ಸಲ ಓದಿದ. ಗೆರೆ ಎಳೆಯುವಂಥದ್ದು ಅದರಲ್ಲಿ ಏನೂ ಸಿಗಲಿಲ್ಲ.

ಪುಸ್ತಕದಮ್ಮ ಕನ್ನಡಕ ತೆಗೆದು ಒರೆಸಿದಳು. ಆಮೇಲೆ ತಂಗಿಯ ಕಡೆಗೇ ತಿರುಗಿ ಬಹಳ ಹೊತ್ತು ಮಾತಾಡಿದಳು. ಬಡಗಿ ಒಮ್ಮೆ ಅವಳ ಬಾಯಿ ನೋಡಿದ, ಒಮ್ಮೆ ತಂಗಿಯ ಮುಖ ನೋಡಿದ. ತಂಗಿ ಅವನ ಕಡೆ ತಿರುಗಿದಳು.

“ಕೊನೇ ಎರಡು ಉತ್ತರ ತೆಗೆದುಬಿಡೋಣ ಅಂತಿದಾರೆ. ಓದೋರಿಗೆ ಭಾರ ಆಗುತ್ತಂತೆ. ಬೇಕಾದ್ರೆ ‘ಅವಳು ನನ್ನ ದನಿ’ ಅನ್ನೋದನ್ನೇ ಇಟ್ಕೊಳ್ಳೋಣ, ಅದರಲ್ಲೇ ಎಲ್ಲಾ ಬಂತಲ್ಲ ಅಂತಾರೆ.”

“ಬೇಡ,” ಅಂದ ಬಡಗಿ.

ತಂಗಿ ಪುಸ್ತಕದಮ್ಮನ ಕಡೆ ತಿರುಗಿದಳು. ಅವಳ ತುಟಿ ಒಂದೇ ಸಲ ಆಡಿ ನಿಂತಿತು. ಪುಸ್ತಕದಮ್ಮ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು, ಯಾವಾಗಲೂ ಬರುತ್ತಿದ್ದ ಉಳಿದ ಮಾತಿಗಾಗಿ ಕಾಯುತ್ತಿದ್ದಳು. ತಂಗಿ ಕೈ ಕಟ್ಟಿ ಕೂತಳು. ಅಣ್ಣನೂ ಕೂತ. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೇಲೆ ಒಂದು ಪದ ಬಂತು.

‘ಬೇಡ.’